ಕಾಣೆಯಾದವರ ಕಥೆಯನ್ನು ಓದುವ ಬಗೆ

ಹೊಸ ಲೇಖಕರೊಬ್ಬರು ತಮ್ಮ ಮೊದಲ ಪತ್ತೇದಾರಿ ಕಾದಂಬರಿ ತಂದಿದ್ದಾರೆ, ಕಾಣೆಯಾದವರೊಬ್ಬರ ಹುಡುಕಾಟವೇ ಅದರ ವಸ್ತು ಎಂದಿಟ್ಟುಕೊಳ್ಳಿ. ಗೋಕಾಕದ ಗ್ರಂಥಾಲಯದಲ್ಲಿ ಕೇಳಿ, ಮೂಡಲಗಿಯ ಕಾಲೇಜು ಹುಡುಗರನ್ನು ಕೇಳಿ, ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಪುಸ್ತಕ ಹಿಡಿದು ಕೂತವರನ್ನು ಕೇಳಿ, ಅಭಿಪ್ರಾಯ ಮೂರು ಮಾತಿಗೆ ಮುಗಿಯುತ್ತದೆ. ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಯಿತು. ಅರ್ಧಕ್ಕೇ ಮಾಡಿದವರು ಯಾರೆಂದು ಗೊತ್ತಾಯಿತು. ನಡುವೆ ಸ್ವಲ್ಪ ಎಳೆದಿದ್ದಾರೆ. ಮೊದಲನೆಯ ಮಾತು ಓದಲು ಹಿಡಿದ ಹೊತ್ತಿನ ಬಗ್ಗೆ, ಎರಡನೆಯದು ಓದುಗನ ಜಾಣತನದ ಬಗ್ಗೆ, ಮೂರನೆಯದು ಅವನ ತಾಳ್ಮೆಯ ಬಗ್ಗೆ. ಪುಸ್ತಕದ ಬಗ್ಗೆ ಒಂದು ಮಾತೂ ಇಲ್ಲ. ಸಂಗೀತ ಕೇಳಿ ಬಂದವನು ಕಛೇರಿ ಎಷ್ಟು ಗಂಟೆಗೆ ಮುಗಿಯಿತು ಎಂದಷ್ಟೇ ಹೇಳಿದರೆ ಅವನನ್ನು ಯಾರೂ ರಸಿಕ ಎನ್ನುವುದಿಲ್ಲ. ಪತ್ತೇದಾರಿ ಕಥೆಯ ಓದುಗನಿಗೆ ಮಾತ್ರ ಈ ವಿನಾಯಿತಿ ಏಕೆ? ಇದು ಹೊತ್ತು ಕಳೆಯುವ ಸಾಹಿತ್ಯ, ಇದಕ್ಕೆ ಓದುವ ಕ್ರಮ ಬೇಕಿಲ್ಲ ಎಂಬ ಉಡಾಫೆಯೇ ಅದಕ್ಕೆ ಕಾರಣ. ಕ್ರಮ ಬೇಕು. ಅದರಲ್ಲೂ ಕೊಲೆಯ ಕಥೆಗೂ ಕಾಣೆಯಾದವರ ಕಥೆಗೂ ಓದುವ ಕ್ರಮ ಬೇರೆ. ಕೊಲೆಯ ಕಥೆಯಲ್ಲಿ ಹೆಣ ಸಿಕ್ಕಿದೆ, ಮಾಡಿದವನು ಸಿಗಬೇಕು. ಕಾಣೆಯಾದವರ ಕಥೆಯಲ್ಲಿ ಏನಾಗಿದೆ ಎಂಬುದೇ ತಿಳಿದಿಲ್ಲ. ಇರುವುದು ಖಾಲಿ ಜಾಗ, ಅದರ ಸುತ್ತ ನಿಂತು ಮಾತಾಡುವ ಮಂದಿ.

ಈ ಪ್ರಕಾರದ ಮೊದಲ ಪಾಠ ಪತ್ರಿಕೆಯ ಒಳಪುಟದಲ್ಲೇ ಸಿಗುತ್ತದೆ. ಪೊಲೀಸ್ ಠಾಣೆಯಿಂದ ಬರುವ ಕಾಣೆಯಾದವರ ಪ್ರಕಟಣೆಯನ್ನು ನಿಧಾನವಾಗಿ ಓದಿ. ವಯಸ್ಸು, ಎತ್ತರ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕೋಲು ಮುಖ. ಮನೆ ಬಿಡುವಾಗ ತೊಟ್ಟಿದ್ದ ಅಂಗಿಯ ಬಣ್ಣ. ನಮ್ಮ ಬೆಳಗಾವಿ ಜಿಲ್ಲೆಯ ಪ್ರಕಟಣೆಯಾದರೆ ಕೊನೆಗೆ ಕನ್ನಡ, ಮರಾಠಿ, ಹಿಂದಿ ಮಾತಾಡುತ್ತಾರೆ ಎಂಬ ಸಾಲು. ಈ ಚಹರೆಪಟ್ಟಿ ಸಾವಿರಾರು ಜನರಿಗೆ ಹೊಂದುತ್ತದೆ, ಆ ಒಬ್ಬ ಮನುಷ್ಯನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಬ್ಬರು ಕಾಣುತ್ತಾರೆ. ಅಂಗಿ ಬಿಳಿಯದೆಂದು ಠಾಣೆಯಲ್ಲಿ ಹೇಳಿದವರು ಯಾರು? ಹೆಂಡತಿಯೋ, ಅಣ್ಣನೋ, ಎದುರುಮನೆಯವರೋ? ಚಪ್ಪಲಿ ಯಾವುದಿತ್ತು ಎಂಬುದು ಮನೆಯವರಿಗೇ ಗೊತ್ತಿಲ್ಲದೆ ಹೋದರೆ ಆ ಮನೆಯ ಬಗ್ಗೆ ಏನು ತಿಳಿಯುತ್ತದೆ? ಹೇಮಂತ್ ರಾವ್ ತಮ್ಮ ಮೊದಲ ಚಿತ್ರಕ್ಕೆ 2016ರಲ್ಲಿ ಈ ಪ್ರಕಟಣೆಯ ಪದಗಳನ್ನೇ ಎತ್ತಿಕೊಂಡು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂದು ಹೆಸರಿಟ್ಟರು. ಮರೆವಿನ ಕಾಯಿಲೆಯ ತಂದೆ ವೆಂಕೋಬರಾವ್ ಕಾಣೆಯಾಗಿದ್ದಾರೆ, ಮಗ ಶಿವ ಹುಡುಕುತ್ತಿದ್ದಾನೆ. ಗಮನಿಸಬೇಕಾದ್ದು ಇದು: ತಂದೆ ಎಲ್ಲಿದ್ದಾರೆ, ಯಾರ ಕೈಗೆ ಸಿಕ್ಕಿದ್ದಾರೆ ಎಂಬುದನ್ನು ಚಿತ್ರ ನಮ್ಮಿಂದ ಮುಚ್ಚಿಡುವುದೇ ಇಲ್ಲ. ಆದರೂ ನಾವು ಕುರ್ಚಿಯ ತುದಿಗೆ ಬರುತ್ತೇವೆ. ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಕುತೂಹಲ ಉಳಿಯುತ್ತದೆಂದರೆ, ಈ ಪ್ರಕಾರದ ಜೀವ ಬೇರೆಡೆ ಇದೆ ಎಂದಾಯಿತು. ಕಾಣೆಯಾದವರು ಯಾರಾಗಿದ್ದರು ಎಂಬುದೇ ಪ್ರಶ್ನೆ. ಮಗನಿಗೆ ತನ್ನ ತಂದೆ ಗೊತ್ತಾಗುವುದು ಬೇರೆಯವರ ಬಾಯಿಂದ.

ಬೇರೆಯವರ ಬಾಯಿ ಎಂದೆನಲ್ಲ, ನನ್ನ ಒತ್ತಾಯವೆಲ್ಲ ಅದರ ಮೇಲೆಯೇ. ಕಾಣೆಯಾದವರ ಕಾದಂಬರಿಯನ್ನು ಹೇಳಿಕೆಗಳ ಕಾದಂಬರಿಯಾಗಿ ಓದಿ. ಚಾಕು, ರಕ್ತದ ಕಲೆ, ಹರಿದ ಚೀಟಿ, ಮೊಬೈಲ್ ಟವರ್ ಇವೆಲ್ಲ ಇರಲಿ, ಆದರೆ ಕಿವಿ ಸಾಕ್ಷಿಗಳ ಮಾತಿನ ಮೇಲಿರಲಿ. ನಮ್ಮ ಕಾನೂನಿಗೂ ಈ ಎಚ್ಚರ ಇದೆ. ತನಿಖೆಯ ವೇಳೆ ಪೊಲೀಸರ ಮುಂದೆ ಸಾಕ್ಷಿ ಕೊಟ್ಟ ಹೇಳಿಕೆಗೆ ಅವನ ಸಹಿ ಹಾಕಿಸುವಂತಿಲ್ಲ, ಮುಂದೆ ಕೋರ್ಟಿನಲ್ಲಿ ಅದರ ಮುಖ್ಯ ಉಪಯೋಗ ಅದೇ ಸಾಕ್ಷಿ ಮಾತು ಬದಲಿಸಿದಾಗ ಅವನನ್ನು ಹಿಡಿದು ಕೇಳುವುದಕ್ಕೆ. ಹೇಳಿಕೆಯೆಂದರೆ ಸತ್ಯವಲ್ಲ, ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ ಒಬ್ಬರ ಎದುರು ಆಡಿದ ಮಾತು ಎಂದು ಕಾಯ್ದೆಯೇ ಒಪ್ಪಿಕೊಂಡಂತಾಯಿತು. ಓದುಗ ಅಷ್ಟೂ ಎಚ್ಚರ ತೋರಿಸದಿದ್ದರೆ ಹೇಗೆ? ಸಂಕೇಶ್ವರದ ಕಡೆಯ ಒಬ್ಬ ಅಂಗಡಿಕಾರ, ಕಾಣೆಯಾಗಿ ಎರಡೇ ದಿನವಾದ ಗೆಳೆಯನ ಬಗ್ಗೆ ಫೌಜದಾರರ ಮುಂದೆ ಮಾತಾಡುತ್ತಾನೆ ಎಂದುಕೊಳ್ಳಿ. ‘ಭಾಳ ಛಲೋ ಮನಶ್ಯಾ ಅದಾನ್ರಿ’ ಎಂದರೆ ಒಂದು ಕಥೆ, ‘ಭಾಳ ಛಲೋ ಮನಶ್ಯಾ ಇದ್ನರಿ’ ಎಂದರೆ ಇನ್ನೊಂದು ಕಥೆ. ಎರಡನೆಯ ಮಾತಿನಲ್ಲಿ ಗೆಳೆಯ ಆಗಲೇ ಸತ್ತಿದ್ದಾನೆ. ಜನ ದುಃಖದಲ್ಲಿ ಹಾಗೆ ಬಾಯಿ ತಪ್ಪುವುದುಂಟು, ಆದ್ದರಿಂದ ಇಷ್ಟಕ್ಕೇ ಅವನು ಅಪರಾಧಿಯಾಗುವುದಿಲ್ಲ. ಆದರೆ ಒಳ್ಳೆಯ ಲೇಖಕ ಆ ಕ್ರಿಯಾಪದವನ್ನು ಸುಮ್ಮನೆ ಬರೆದಿರುವುದಿಲ್ಲ, ಒಳ್ಳೆಯ ಓದುಗ ಅದನ್ನು ಸುಮ್ಮನೆ ದಾಟುವುದಿಲ್ಲ. ಕೇಳಿದ ಪ್ರಶ್ನೆಗಿಂತ ಹೆಚ್ಚು ಹೇಳುವವನನ್ನು ನೋಡಿ. ಎರಡು ಸಲ ಕೇಳಿದರೂ ಅಕ್ಷರ ಬದಲಾಗದಂತೆ ಅದೇ ವಾಕ್ಯ ಹೇಳುವವನನ್ನೂ ನೋಡಿ, ಕಂಡದ್ದನ್ನು ಹೇಳುವವರ ಮಾತು ಸಲಕ್ಕೊಂದಿಷ್ಟು ಬದಲಾಗುತ್ತದೆ, ಬಾಯಿಪಾಠ ಬದಲಾಗುವುದಿಲ್ಲ. ಮರಾಠಿ ಮನೆಮಾತಿನ ಹೆಂಗಸು ಕನ್ನಡದಲ್ಲಿ ಉತ್ತರ ಕೊಡುತ್ತಾ ಒಂದು ವಿಷಯ ಬಂದೊಡನೆ ಮರಾಠಿಗೆ ಹೊರಳಿದರೆ ಅಲ್ಲಿ ನಿಲ್ಲಿ. ಸಾಹೇಬರ ಎದುರು ‘ಅವರು’ ಎಂದವನು ಹೊರಗೆ ಬಂದು ‘ಅಂವ’ ಎಂದರೆ ಅಲ್ಲಿ ನಿಲ್ಲಿ. ಎಲ್ಲ ಸಾಕ್ಷಿಗಳೂ ಒಂದೇ ಶಿಷ್ಟ ಕನ್ನಡದಲ್ಲಿ, ಒಂದೇ ಉದ್ದದ ವಾಕ್ಯಗಳಲ್ಲಿ ಮಾತಾಡಿದರೆ ಆ ಕಾದಂಬರಿಯಲ್ಲಿ ನಿಜಕ್ಕೂ ಕಾಣೆಯಾದವರು ಪಾತ್ರಗಳು. ಹೊಸ ಲೇಖಕರಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಓದುಗರ ಅಭಿಪ್ರಾಯಗಳಲ್ಲಿ ಅತಿ ಕಡಿಮೆ ಕಾಣುವ ದೂರೂ ಇದೇ.

ಇದು ಪರದೇಶದಿಂದ ಕಲಿಯಬೇಕಾದ ವಿದ್ಯೆಯೇನಲ್ಲ. ವೇದಿಕೆಗೆ ಬಂದ ಪಾತ್ರವನ್ನು ತಡೆದು, ನೀನಾರು, ಎಲ್ಲಿಂದ ಬಂದೆ, ಯಾಕೆ ಬಂದೆ ಎಂದು ಕೇಳಿ ಬಾಯಿ ಬಿಡಿಸುವ ಪದ್ಧತಿ ನಮ್ಮ ಬಯಲಾಟಗಳಲ್ಲಿದೆ. ಶ್ರೀಕೃಷ್ಣ ಪಾರಿಜಾತವನ್ನು ಕಟ್ಟಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲೂಕಿನದು. ಕೌಜಲಗಿ ನಿಂಗಮ್ಮ ಅದನ್ನು ಆಡಿ ಹೆಸರಾದವರು. ಪಾರಿಜಾತದ ಕಥೆ ಗೊತ್ತಿಲ್ಲದ ಪ್ರೇಕ್ಷಕ ಈ ಸೀಮೆಯಲ್ಲಿ ಒಬ್ಬನೂ ಇದ್ದಿರಲಾರ. ಆದರೂ ಊರಿಗೆ ಊರೇ ರಾತ್ರಿಯಿಡೀ ಕೂತು ನೋಡಿತು, ಸತ್ಯಭಾಮೆ ಈ ಸಲ ಆ ಮಾತನ್ನು ಹೇಗೆ ಆಡುತ್ತಾಳೆ ಎಂದು ಕೇಳಲು. ಬೈಲಹೊಂಗಲ ಸೀಮೆಯ ಕೊಲೆಯೊಂದರ ಸುತ್ತ ಬೆಳೆದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನೇ ನೋಡಿ. ಸಂಗ್ಯಾನನ್ನು ಕೊಂದವರು ಯಾರೆಂಬುದು ಮುಚ್ಚಿಟ್ಟ ಗುಟ್ಟಲ್ಲ. ಬಾಳ್ಯಾನಂಥ ಗೆಳೆಯ ಹೇಗೆ ಕೈಬಿಟ್ಟ ಎಂಬುದರಲ್ಲಿ ನೋಡುಗರ ಉಸಿರು ಸಿಕ್ಕಿಕೊಳ್ಳುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ಸಿಂಗಾರೆವ್ವನ ಬಾಳನ್ನು ಶೀನಿಂಗವ್ವನ ಬಾಯಿಂದ ಹೇಳಿಸಿದರು. ಅದು ಪತ್ತೇದಾರಿ ಕಾದಂಬರಿಯಲ್ಲ, ಆದರೆ ಒಬ್ಬರ ಬಾಳನ್ನು ಅದರ ಪಕ್ಕದಲ್ಲಿದ್ದು ಕಂಡವರ ಮಾತಿನಿಂದ ಕಟ್ಟುವ ಕಸುಬನ್ನು ಕಲಿಯಬೇಕಾದವರು ಮೊದಲು ಓದಬೇಕಾದ್ದು ಅದನ್ನೇ. ಇಂಥ ಕಿವಿ ಇದ್ದ ಸೀಮೆಯ ಓದುಗರು ‘ಅರ್ಧಕ್ಕೇ ಗೊತ್ತಾಯಿತು’ ಎಂದು ಪುಸ್ತಕ ಮಡಚಿಡುವುದು ನಾನು ಸಹಿಸಲಾರದ ಸಂಗತಿ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಪತ್ತೇದಾರಿ ಕಥೆ ಓದುಗನಿಗೆ ಕೊಡುವ ಮಾತೇ ಬೆರಗು, ಬೆರಗಿಲ್ಲದಿದ್ದರೆ ಮಾತು ತಪ್ಪಿದಂತೆ ಎಂಬುದು. ಕನ್ನಡದಲ್ಲಿ ಈ ಬೆರಗನ್ನು ಕೊಟ್ಟು ಓದುಗರ ದೊಡ್ಡ ಸಮುದಾಯವನ್ನೇ ಕಟ್ಟಿದವರಿದ್ದಾರೆ. ‘ಪತ್ತೇದಾರ ಪುರುಷೋತ್ತಮ’ನಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರು ಓದಿದ್ದು ಪ್ರಾಥಮಿಕ ಶಾಲೆಯಷ್ಟೇ. ಅವರ ಪುಸ್ತಕ ಹಿಡಿದು ಕನ್ನಡ ಓದುವ ಚಟ ಹತ್ತಿಸಿಕೊಂಡವರು ಲೆಕ್ಕವಿಲ್ಲದಷ್ಟು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇಂಥವರ ಕೆಲಸವನ್ನು ಹಳಿಯುವವರು ಕನ್ನಡದ ಓದಿನ ಚರಿತ್ರೆ ತಿಳಿಯದವರು. ಆದರೆ ಓದಿನ ಬಾಗಿಲು ತೆರೆದ ಪುಸ್ತಕವನ್ನೇ ಓದಿನ ಕೊನೆಯ ಮನೆ ಎಂದು ತಿಳಿಯಬಾರದು. ಬೆರಗು ಒಂದೇ ಸಲದ ಸರಕು, ಎರಡನೆಯ ಓದಿಗೆ ಉಳಿಯುವುದಿಲ್ಲ. ಎರಡನೆಯ ಓದಿಗೆ ಏನು ಉಳಿಯುತ್ತದೋ ಅದೇ ಕೃತಿಯ ಬೆಲೆ. ಗುಟ್ಟು ಗೊತ್ತಾದ ಮೇಲೆ ಮೊದಲ ಪುಟಕ್ಕೆ ಮರಳಿ, ಸುಳ್ಳು ಹೇಳಿದವನ ಮೊದಲ ಹೇಳಿಕೆಯನ್ನು ಮತ್ತೆ ಓದಿ. ಅದರಲ್ಲಿ ಸುಳ್ಳಿನ ಜತೆ ಒಂದು ನಿಜವೂ ಜಾರಿಬಿದ್ದಿದ್ದರೆ ಲೇಖಕ ಗೆದ್ದ. ಏನೂ ಇಲ್ಲದೆ, ಕೊನೆಯ ಅಧ್ಯಾಯದಲ್ಲಿ ಅವಳಿ ತಮ್ಮನೊಬ್ಬ ಮುಂಬೈಯಿಂದ ಇಳಿದಿದ್ದರೆ ಅದು ಬೆರಗಲ್ಲ, ಮೋಸ. ಅಂಥದ್ದಕ್ಕೆ ‘ಊಹಿಸಲಾಗದ ತಿರುವು’ ಎಂದು ಚಪ್ಪಾಳೆ ತಟ್ಟುವ ಅಭಿರುಚಿಯೇ ಹೊಸ ಲೇಖಕರನ್ನು ಹಾಳು ಮಾಡುತ್ತಿರುವುದು.

ನಡುವೆ ಎಳೆದಿದ್ದಾರೆ ಎಂಬ ದೂರಿಗೂ ಉತ್ತರ ಇದರಲ್ಲೇ ಇದೆ. ಎಳೆತ ಎಂದು ಕರೆಯುವ ಪುಟಗಳಲ್ಲೇ ಹುಡುಕಾಟದ ಅಸಲಿ ಫಲ ಇರುವುದು. ಜಪಾನಿನ ಮಿಯುಕಿ ಮಿಯಾಬೆ 1992ರಲ್ಲಿ ಪ್ರಕಟಿಸಿದ ‘ಕಾಶಾ’ದಲ್ಲಿ ರಜೆಯ ಮೇಲಿರುವ ಪತ್ತೇದಾರನೊಬ್ಬ ಮದುವೆ ನಿಶ್ಚಯವಾಗಿದ್ದ ಹೆಣ್ಣೊಬ್ಬಳನ್ನು ಹುಡುಕುತ್ತಾ ಹೋಗುತ್ತಾನೆ. ಅವಳು ಕಣ್ಣಿಗೆ ಬೀಳುವುದು ತೀರ ಕೊನೆಗೆ, ಅವಳು ಬಾಯಿ ತೆರೆಯುವ ಮೊದಲೇ ಕಾದಂಬರಿ ಮುಗಿಯುತ್ತದೆ. ಅಷ್ಟರಲ್ಲಿ ಸಾಲ, ಕ್ರೆಡಿಟ್ ಕಾರ್ಡು, ಬದಲಿಸಿಕೊಂಡ ಹೆಸರು ಎಲ್ಲವೂ ಹತ್ತಾರು ಜನರ ಮಾತಿನಿಂದ ಕೂಡಿ, ನೋಡದ ಹೆಣ್ಣು ನಮಗೆ ಪೂರ್ತಿ ಪರಿಚಿತಳಾಗಿರುತ್ತಾಳೆ. ಕನ್ನಡದಲ್ಲಿ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಸಂಪರ್ಕಕ್ಕೆ ಸಿಗದ ಮಗಳ ಸುತ್ತ ತಂದೆಯ ಆತಂಕವನ್ನು ಹಬ್ಬಿಸುತ್ತಾ, ಆ ತಂದೆಯ ಮಾತನ್ನೇ ನಾವು ಎಷ್ಟು ನಂಬಬಹುದು ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ಎರಡರಲ್ಲೂ ನಡುವಿನ ಪುಟ ಹಾರಿಸಿದವನಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಜಕ್ಕೂ ಎಳೆದ ಕಾದಂಬರಿಗಳೂ ಇವೆ, ಒಪ್ಪುತ್ತೇನೆ. ಅಳೆಯುವ ಬಗೆ ಸುಲಭ: ಒಂದು ಹೇಳಿಕೆಯನ್ನು ತೆಗೆದುಹಾಕಿದರೆ ಕಾಣೆಯಾದವರ ಚಿತ್ರದಲ್ಲಿ ಏನಾದರೂ ಕೊರತೆ ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಎಳೆತ, ಬಿದ್ದರೆ ಅದು ನಿಮ್ಮ ಅವಸರ.

ಮೊದಲ ಕೃತಿಯ ವಿಷಯದಲ್ಲಿ ಅಭಿಪ್ರಾಯ ಹೇಳುವವರ ಹೊಣೆ ಇನ್ನೂ ದೊಡ್ಡದು. ರಕ್ಷಿತ್ ಶೆಟ್ಟಿ 2014ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಉಳಿದವರು ಕಂಡಂತೆ’ ಹೆಸರಿನಲ್ಲೇ ತನ್ನ ಕ್ರಮವನ್ನು ಸಾರಿತ್ತು. ಒಂದೇ ಘಟನೆ, ಹಲವರು ಕಂಡ ಬಗೆ. ಚಿತ್ರಮಂದಿರದಲ್ಲಿ ಅದಕ್ಕೆ ದೊಡ್ಡ ಗೆಲುವು ಸಿಗಲಿಲ್ಲ, ಅದನ್ನು ಮೆಚ್ಚುವ ಬಳಗ ಆಮೇಲೆ ಬೆಳೆಯಿತು. ಮರುವರ್ಷ ಬಂದ ಅನೂಪ್ ಭಂಡಾರಿಯವರ ಮೊದಲ ಚಿತ್ರ ‘ರಂಗಿತರಂಗ’ದಲ್ಲಿ ಹೆಂಡತಿ ಕಾಣೆಯಾಗುತ್ತಾಳೆ, ಅವಳು ಇದ್ದಳೇ ಎಂಬ ಅನುಮಾನವೂ ಏಳುತ್ತದೆ. ಈ ಪ್ರಕಾರದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳುವುದು ಕಷ್ಟ. ಆ ಚಿತ್ರಕ್ಕೆ ಜನ ಮುಗಿಬಿದ್ದರು, ಸಂತೋಷ. ಆದರೆ ಹೊರಬಂದವರ ಮಾತೆಲ್ಲ ಕೊನೆಯಲ್ಲಿ ಕಳಚಿಬಿದ್ದ ಮುಖವಾಡದ ಬಗ್ಗೆ ಇತ್ತೇ ಹೊರತು ಆ ಪ್ರಶ್ನೆಯ ಬಗ್ಗೆ ಇರಲಿಲ್ಲ. ಹೊಸಬರು ಇಂಥ ಮಾತುಗಳನ್ನು ಕೇಳಿಯೇ ಎರಡನೆಯ ಕೃತಿ ಬರೆಯುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಠಾಣೆಯಲ್ಲಿ ಎರಡೇಟು ಬಿದ್ದೊಡನೆ ಅಪರಾಧಿ ತಪ್ಪೊಪ್ಪಿಕೊಂಡು ಕಥೆ ಮುಗಿದರೆ ಆ ಲೇಖಕರಿಗೆ ಅಂಕ ಕೊಡಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂಬುದು 1872ರ ಕಾಯ್ದೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಅವನು ತೋರಿಸಿದ ಜಾಗದಲ್ಲಿ ಏನು ಸಿಕ್ಕಿತು, ಪಂಚನಾಮೆಯಲ್ಲಿ ಏನು ಬರೆದರು ಎಂಬುದಕ್ಕೆ ಬೆಲೆ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಬಹುದೆಂಬ ನಿಯಮದ ಮೇಲೆ ಒಂದು ಇಡೀ ಕಾದಂಬರಿ ನಿಲ್ಲಬಹುದು. ಹೊಲದ ಖಾತೆ ಬದಲಿಗೆ ಕಾದು ಕೂತ ಅಣ್ಣತಮ್ಮಂದಿರು, ಕುಂಕುಮ ಅಳಿಸಲೊಪ್ಪದ ಹೆಂಡತಿ, ಇಬ್ಬರೂ ಒಂದೇ ಮನೆಯಲ್ಲಿ ಇರಬಲ್ಲರು. ಪರಿಸರಕ್ಕಂತೂ ನಮ್ಮಲ್ಲಿ ಬರವಿಲ್ಲ. ಆಳೆತ್ತರದ ಕಬ್ಬು, ಘಟಪ್ರಭೆಯ ಕಾಲುವೆ, ಹಿಡಕಲ್ ಜಲಾಶಯದ ನೀರು, ಹುಕ್ಕೇರಿಯಿಂದ ತುಸು ದೂರಕ್ಕೇ ಇನ್ನೊಂದು ರಾಜ್ಯ, ಇನ್ನೊಂದು ಪೊಲೀಸ್ ಇಲಾಖೆ. ಆದರೆ ಜಲಪಾತ ವರ್ಣಿಸಿದ ಮಾತ್ರಕ್ಕೆ ಕಾದಂಬರಿ ಗೋಕಾಕದ್ದಾಗುವುದಿಲ್ಲ, ಸಾಕ್ಷಿ ಬಾಯಿಬಿಟ್ಟಾಗ ಆಗುತ್ತದೆ.

ಹೊಸ ಲೇಖಕರ ಮೊದಲ ಕಾದಂಬರಿ ಓದಿ ಮುಗಿಸಿದಾಗ, ಗೆಳೆಯರ ಮುಂದೆ ಮಾಡಿದವರ ಹೆಸರು ಹೇಳಬೇಡಿ, ಎಷ್ಟನೆಯ ಪುಟಕ್ಕೆ ಊಹಿಸಿದಿರಿ ಎಂಬುದನ್ನಂತೂ ಹೇಳಲೇಬೇಡಿ. ಯಾರ ಹೇಳಿಕೆಯನ್ನು ನಂಬಿದಿರಿ, ಯಾವ ಮಾತಿಗೆ ನಂಬಿಕೆ ಕಳಚಿತು, ಎಂದೂ ಎದುರಿಗೆ ಬಾರದ ಆ ಮನುಷ್ಯ ನಿಮಗೆ ಎಷ್ಟು ಪರಿಚಯವಾದ, ಇಷ್ಟನ್ನು ಹೇಳಿ. ಸಾಧ್ಯವಾದರೆ ಲೇಖಕರಿಗೇ ಒಂದು ಪತ್ರ ಬರೆದು ಹೇಳಿ.