ಎತ್ತರ ಕೇಳಿ ಸೈಕಲ್ ಕೊಡುವ ರೂಢಿ

ಮೌಂಟನ್ ಬೈಕ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ, 'ನಿಮ್ಮ ಹೈಟ್ ಎಷ್ಟು?' ಎಷ್ಟೋ ಕಡೆ ಕೊನೆಯ ಪ್ರಶ್ನೆಯೂ ಅದೇ. ಐದೂವರೆ ಅಡಿಗೆ ಮೀಡಿಯಂ, ಆರಡಿಗೆ ಲಾರ್ಜ್ ಎಂದು ಪಟ್ಟಿ ನೋಡಿ ತೀರ್ಮಾನ ಆಗಿಬಿಡುತ್ತದೆ. ಗುಡ್ಡ ಹತ್ತಿಳಿಯುವ ಸೈಕಲ್ಲಿನ ಮಟ್ಟಿಗೆ ಈ ರೂಢಿ ಹಳತಾಗಿದೆ, ಅದರಿಂದ ಕೊಳ್ಳುವವರಿಗೆ ನಷ್ಟವೂ ಆಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲೆಲ್ಲ ಫ್ರೇಮಿನ ಅಳತೆ ಎಂದರೆ ಸೀಟಿನ ಕೆಳಗಿನ ಕೊಳವೆಯ, ಅಂದರೆ ಸೀಟ್ ಟ್ಯೂಬಿನ ಉದ್ದ: 16 ಇಂಚು, 18 ಇಂಚು, 20 ಇಂಚು. (ಚಕ್ರದ 26, 29 ಇಂಚನ್ನೇ ಫ್ರೇಮಿನ ಅಳತೆ ಎಂದು ತಿಳಿಯುವವರು ಈಗಲೂ ಇದ್ದಾರೆ, ಅದು ಬೇರೆ, ಇದು ಬೇರೆ.) ಆಗಲೂ ಒಂದು ಕಂಪನಿ ಆ ಕೊಳವೆಯ ತುದಿಯವರೆಗೆ ಅಳೆದರೆ ಇನ್ನೊಂದು ಮೇಲಿನ ಅಡ್ಡಕೊಳವೆಯ ನಡುಮಧ್ಯದವರೆಗೆ ಅಳೆಯುತ್ತಿತ್ತು. ಹೀಗಾಗಿ ಎರಡು ಕಂಪನಿಗಳ 18 ಇಂಚು ಒಂದೇ ಆಗಿರಲಿಲ್ಲ. ಆಮೇಲೆ ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಸೀಟು ಇಳಿಯುವ ಡ್ರಾಪರ್ ಪೋಸ್ಟ್ ಬಂತು. ಸೀಟು ಚೆನ್ನಾಗಿ ಕೆಳಗಿಳಿಯಲಿ ಎಂದು ತಯಾರಕರು ಸೀಟ್ ಟ್ಯೂಬನ್ನೇ ಗಿಡ್ಡ ಮಾಡುತ್ತ ಬಂದರು. ಇವತ್ತು ಆ ಉದ್ದ ನೋಡಿ ಫ್ರೇಮು ಯಾರಿಗೆ ಹೊಂದುತ್ತದೆ ಎಂದು ಹೇಳಲಾಗದು.

ಕೇಳಬೇಕಾದ ಅಳತೆ ರೀಚ್. ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ನೇರ ಮೇಲಕ್ಕೊಂದು ಗೆರೆ ಎಳೆದುಕೊಳ್ಳಿ. ಆ ಗೆರೆಯಿಂದ ಫ್ರೇಮಿನ ಮುಂದಿನ ಗಿಡ್ಡ ಕೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿಗೆ ಅಡ್ಡಡ್ಡ ಎಷ್ಟು ದೂರವೋ ಅದೇ ರೀಚ್. ಆ ತುದಿ ಬಾಟಮ್ ಬ್ರಾಕೆಟ್ಟಿನಿಂದ ಎಷ್ಟು ಎತ್ತರದಲ್ಲಿದೆಯೋ ಅದು ಸ್ಟ್ಯಾಕ್. ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲಿಂದ ಇಳಿಯುವಾಗ ಯಾರೂ ಸೀಟಿನ ಮೇಲೆ ಕೂತಿರುವುದಿಲ್ಲ. ಪೆಡಲ್ ಮೇಲೆ ನಿಂತು, ಮೊಣಕೈ ಬಾಗಿಸಿ, ಮೈಭಾರ ಹಿಂದೆ ಮುಂದೆ ಮಾಡುತ್ತಿರುತ್ತಾರೆ. ಆಗ ಮೈಗೆ ಎಷ್ಟು ಜಾಗ ಸಿಗುತ್ತದೆ ಎಂಬುದನ್ನು ಹೇಳುವುದು ಈ ಎರಡೇ ಅಳತೆ.

ಒಂದು ಲೆಕ್ಕ ಮಾಡಿ ನೋಡೋಣ. ಎರಡು ಸೈಕಲ್‌ಗಳ ಸ್ಟ್ಯಾಕ್ 620 ಮಿ.ಮೀ. ಒಂದರ ಸೀಟ್ ಟ್ಯೂಬಿನ ಕೋನ 73 ಡಿಗ್ರಿ, ರೀಚ್ 430. ಇನ್ನೊಂದರದು 77 ಡಿಗ್ರಿ, ರೀಚ್ 476. ಕೂತಾಗ ಸೀಟಿನಿಂದ ಹ್ಯಾಂಡಲ್ ಕಡೆಗಿನ ಅಳತೆ ಎರಡರಲ್ಲೂ ಸುಮಾರು 620 ಮಿ.ಮೀ. ಅಂಗಡಿಯ ಮುಂದೆ ಕೂತು ಒಂದು ಸುತ್ತು ಹೊಡೆದವನಿಗೆ ವ್ಯತ್ಯಾಸವೇ ಗೊತ್ತಾಗದು. ಇಳಿಜಾರಿನಲ್ಲಿ ಎದ್ದು ನಿಂತಾಗ ಮಾತ್ರ ಒಂದು ಇನ್ನೊಂದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ಉದ್ದ. ಎತ್ತರದ ಪಟ್ಟಿಗೆ ಇದು ಯಾವುದೂ ಕಾಣಿಸುವುದಿಲ್ಲ.

ಫ್ರೇಮು ಉದ್ದವಾಗಿ, ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಗಿಡ್ಡವಾಗಲಿ ಎಂಬ ಯೋಚನೆಯನ್ನು 1990ರ ದಶಕದ ಕೊನೆಗೇ ಗ್ಯಾರಿ ಫಿಶರ್ ಕಂಪನಿ ಮುಂದಿಟ್ಟಿತ್ತು. ಸ್ಪೇನಿನ ಮೊಂಡ್ರೇಕರ್ 2012ರ ಸುಮಾರಿಗೆ ಅದನ್ನು ಇನ್ನೂ ದೂರ ಒಯ್ದಿತು. ಆಮೇಲೆ ಸ್ಪೆಷಲೈಸ್ಡ್ ಕಂಪನಿ ಕೆಲವು ಮಾದರಿಗಳಲ್ಲಿ ಸ್ಮಾಲ್, ಮೀಡಿಯಂ ಬಿಟ್ಟು ಎಸ್1, ಎಸ್2 ಎಂದು ಎಣಿಸತೊಡಗಿತು. ಸೀಟ್ ಟ್ಯೂಬನ್ನು ಗಿಡ್ಡವಾಗಿಟ್ಟು, ಒಂದೇ ಎತ್ತರದ ಇಬ್ಬರು ಸವಾರಿಯ ಶೈಲಿಗೆ ತಕ್ಕಂತೆ ಬೇರೆ ಬೇರೆ ಉದ್ದ ಆರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಇದೇ ಸರಿಯಾದ ದಾರಿ. ಆದರೆ ಎಸ್3 ಎಂಬುದೂ ಬರಿಯ ಹೆಸರೇ. ಮಿಲಿಮೀಟರ್ ಲೆಕ್ಕ ಕೇಳದವನು ಮತ್ತೆ ಎತ್ತರದ ಪಟ್ಟಿಗೇ ಮರಳುತ್ತಾನೆ.

ಹಾಗೆಂದು ಉದ್ದವಿದ್ದಷ್ಟೂ ಒಳ್ಳೆಯದು ಎಂಬ ಈಚಿನ ಉತ್ಸಾಹವನ್ನೂ ನಾನು ಒಪ್ಪುವುದಿಲ್ಲ. ರೀಚ್ ಅತಿಯಾದರೆ ಮುಂಚಕ್ರದ ಮೇಲೆ ಭಾರ ಹಾಕುವುದು ಕಷ್ಟ. ಬಿಗಿಯಾದ ತಿರುವಿನಲ್ಲಿ ಚಕ್ರ ಜಾರುತ್ತದೆ. ಕುಳ್ಳಗಿರುವವರಿಗೆ ಇದರ ತೊಂದರೆ ಹೆಚ್ಚು. ರೀಚನ್ನೊಂದೇ ನೋಡುವುದೂ ಸಾಲದು. ಹೆಡ್ ಟ್ಯೂಬಿನ ಕೋನ 65 ಡಿಗ್ರಿ ಇರುವ ಫ್ರೇಮಿನಲ್ಲಿ ಸ್ಟೆಮ್ಮಿನ ಕೆಳಗೆ ಸ್ಪೇಸರ್ ಎಂಬ ಉಂಗುರ ಹಾಕಿ ಹ್ಯಾಂಡಲನ್ನು 30 ಮಿ.ಮೀ. ಎತ್ತರಿಸಿದರೆ ಅದು ಸುಮಾರು 14 ಮಿ.ಮೀ. ಹಿಂದಕ್ಕೂ ಬರುತ್ತದೆ. ಹಾಗಾಗಿ, ಹೀಗೆ ಎತ್ತರಿಸಬೇಕಾಗಿ ಬರುವ, ಸ್ಟ್ಯಾಕ್ ಕಡಿಮೆಯಿರುವ ಫ್ರೇಮಿನ ರೀಚ್ ಕಾಗದದ ಮೇಲೆ ಇದ್ದಷ್ಟು ಕೈಗೆ ಸಿಗುವುದಿಲ್ಲ.

ತಯಾರಕರು ಈ ಅಂಕಿಗಳನ್ನು ಮುಚ್ಚಿಟ್ಟಿಲ್ಲ. ಬಹುತೇಕ ಎಲ್ಲ ಒಳ್ಳೆಯ ಕಂಪನಿಗಳೂ ಪ್ರಕಟಿಸುತ್ತವೆ. ಅಂಗಡಿಯವರು ಬೆಲೆಚೀಟಿಯ ಮೇಲೆ ರೀಚ್, ಸ್ಟ್ಯಾಕ್ ಎರಡನ್ನೂ ಬರೆಯಲಿ. ಕೊಳ್ಳುವವರು ಈಗ ಓಡಿಸುತ್ತಿರುವ ಸೈಕಲ್ಲಿನ ಅಂಕಿ ಗುರುತು ಹಾಕಿಕೊಂಡು ಹೋಗಲಿ, ಹೊಸದರ ಪೆಡಲ್ ಮೇಲೆ ಎದ್ದು ನಿಂತು ನೋಡದೆ ಹಣ ಕೊಡದಿರಲಿ.