ಕಡಜ ನೋಡುವ ಹವ್ಯಾಸ

ಸೂರಿನಡಿ ಕಡಜದ ಗೂಡು ಕಂಡರೆ ಕೈ ತಾನಾಗಿಯೇ ಪೊರಕೆಗೆ ಹೋಗುತ್ತದೆ. ಮಕ್ಕಳ ಕೈಗೆಟುಕದ ಜಾಗವಾದರೆ ದಯವಿಟ್ಟು ಬಿಟ್ಟುಬಿಡಿ. ಸ್ವಲ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಸದ್ದಿಲ್ಲದೆ ಕೂತು ನೋಡಿ. ಕಾಸು ಖರ್ಚಿಲ್ಲದ ಇಂಥ ಹವ್ಯಾಸವೇ ಒಬ್ಬ ವಿದ್ಯಾರ್ಥಿಯ ಬದುಕಿನ ದಾರಿ ಬದಲಿಸಿದೆ.

ರಾಘವೇಂದ್ರ ಗದಗ್‌ಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಅಲ್ಲಿನ ಕಿಟಕಿಗಳ ತುಂಬ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಡಜದ ಗೂಡುಗಳಿದ್ದವು. ಮುಂದೆ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಅವರು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಅಣುಜೀವಶಾಸ್ತ್ರವನ್ನು, ಅದರಲ್ಲೂ ಬ್ಯಾಕ್ಟೀರಿಯಾಗಳಿಗೆ ಮುತ್ತುವ ವೈರಸ್ಸನ್ನು. 1979ರಲ್ಲಿ ಪದವಿ ಬಂತು. ಅಷ್ಟೂ ಕಾಲ ಕಡಜದ ನಂಟು ಬಿಟ್ಟಿರಲಿಲ್ಲ. ಕೊನೆಗೆ ಹವ್ಯಾಸವೇ ವೃತ್ತಿಯಾಯಿತು. ಸಂಶೋಧನಾ ವಿದ್ಯಾರ್ಥಿಗೆ ಬೇರೆ ಆಸಕ್ತಿ ಇದ್ದರೆ ಥೀಸಿಸ್ ಕೆಡುತ್ತದೆ ಎನ್ನುವ ಗೈಡ್‌ಗಳ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ರೊಪಾಲಿಡಿಯಾ ಮಾರ್ಜಿನೇಟಾ ಗೂಡಿಗೆ ಹೊದಿಕೆಯಿಲ್ಲ. ಸಣ್ಣ ತೊಟ್ಟಿನಿಂದ ನೇತಾಡುವ ಬೂದುಬಣ್ಣದ ಕಾಗದದ ಕೋಣೆಗಳು, ಅಷ್ಟೆ. ಗಿಡದ ನಾರು ಕೆರೆದು ತಂದು, ಎಂಜಲಲ್ಲಿ ಅಗಿದು ಮಾಡಿದ ಕಾಗದ ಅದು. ಮೊಟ್ಟೆ, ಮರಿಹುಳು, ಮುಚ್ಚಳ ಬಿದ್ದ ಕೋಣೆ ಎಲ್ಲವೂ ಕಣ್ಣೆದುರಿಗೇ. ತೊಡಕು ಒಂದೇ: ರಾಣಿಗೂ ಕೆಲಸಗಾರ್ತಿಗೂ ರೂಪದಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಸಂಶೋಧಕರು ಪ್ರತಿಯೊಂದರ ಬೆನ್ನಿಗೂ ಬೇಗ ಒಣಗುವ ಬಣ್ಣದ ಚುಕ್ಕಿ ಇಡುತ್ತಾರೆ. ಕೆಂಪು ಚುಕ್ಕಿಯದು ಹೊರಗೆ ಹೋಯಿತು, ಹಳದಿಯದು ಸುಮ್ಮನೆ ಕೂತಿದೆ, ನೀಲಿಯದು ಪಕ್ಕದವಳ ಮೇಲೆ ಏರಿಹೋಯಿತು. ಹೀಗೆ ಬರೆಯುತ್ತ ಹೋದರೆ ಗುಂಪು ಮರೆಯಾಗಿ ಒಬ್ಬೊಬ್ಬರ ಸ್ವಭಾವ ಕಾಣತೊಡಗುತ್ತದೆ. ಈ ಹವ್ಯಾಸದ ರುಚಿ ಇರುವುದೇ ಇಲ್ಲಿ.

ಗದಗ್‌ಕರ್ ಮತ್ತು ಅವರ ಸಹಸಂಶೋಧಕ ಎನ್.ವಿ. ಜೋಶಿ 1983ರಲ್ಲಿ ಈ ಕಡಜಗಳನ್ನು ಕೂರುವವರು, ಜಗಳಾಡುವವರು, ಹೊರಗಿನಿಂದ ತರುವವರು ಎಂದು ವಿಂಗಡಿಸಿದರು. ರಾಣಿ ಸಿಕ್ಕಿದ್ದು ಜಗಳಾಡುವವರಲ್ಲಿ ಅಲ್ಲ, ಕೂರುವವರಲ್ಲಿ! ಯಾರನ್ನೂ ಬೆದರಿಸದ ಸಾಧು ರಾಣಿ. ಹಾಗಾದರೆ ಇವಳ ಆಳ್ವಿಕೆ ನಡೆಯುವುದು ಹೇಗೆ? ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜಿ ಬಳಿಯುವ ರಾಸಾಯನಿಕದ ಮೂಲಕ ತಾನಿದ್ದೇನೆಂದು ಸಾರುತ್ತಾಳೆ.

ರಾಣಿಯನ್ನು ಗೂಡಿನಿಂದ ತೆಗೆದರೆ ಅಂದೇ ಕೆಲಸಗಾರ್ತಿಯರಲ್ಲೊಬ್ಬಳು ಎದ್ದು ಸಿಕ್ಕಸಿಕ್ಕವರ ಮೇಲೆ ಎರಗುತ್ತಾಳೆ. ರಾಣಿಯನ್ನು ಮರಳಿಸಿದರೆ ತಣ್ಣಗಾಗುತ್ತಾಳೆ. ಮರಳಿಸದಿದ್ದರೆ ಸುಮಾರು ವಾರದಲ್ಲಿ ಮೊಟ್ಟೆಯಿಡತೊಡಗಿ ತಾನೂ ಸಾಧುವಾಗುತ್ತಾಳೆ. ಆ ಒಬ್ಬಳು ಯಾರೆಂದು ಮೊದಲೇ ಗುರುತಿಸಲು ಸಂಶೋಧಕರು ವಯಸ್ಸು, ಗಾತ್ರ, ಜಗಳದಲ್ಲಿನ ಮೇಲುಗೈ ಎಲ್ಲವನ್ನೂ ನೋಡಿದರು. ಯಾವುದೂ ನಿಖರವಾಗಿ ಹೇಳಲಿಲ್ಲ. ಗೂಡನ್ನು ಎರಡು ಮಾಡಿ ನಡುವೆ ಜಾಲರಿ ಹಾಕಿ, ರಾಣಿಯನ್ನು ಆಚೀಚೆ ಸಾಗಿಸಿ ನೋಡಿದಾಗ ತಿಳಿದದ್ದು ಇಷ್ಟು: ಮುಂದಿನ ರಾಣಿ ಯಾರೆಂದು ನಮಗೆ ತಿಳಿಯದಿದ್ದರೂ ಕಡಜಗಳಿಗೆ ಗೊತ್ತಿದೆ.