ಬಳ್ಳಾರಿ ಸೀಮೆಯ ಕೇಳುಗರು ಮತ್ತು ಧ್ವನಿಸುರುಳಿಗಳು: ಒಂದು ವಿಮರ್ಶಾತ್ಮಕ ಪಟ್ಟಿ

1

ಒಬ್ಬ ಕೇಳುಗ ಇನ್ನೊಬ್ಬ ಕೇಳುಗನಿಗೆ 'ಇದನ್ನೊಮ್ಮೆ ಕೇಳು' ಎಂದು ಹೇಳುವುದು ಸಂಗೀತ ವಿಮರ್ಶೆಯ ಅತ್ಯಂತ ಹಳೆಯ ರೂಪ. ಗ್ರಂಥಸ್ಥ ವಿಮರ್ಶೆ ಹುಟ್ಟುವುದಕ್ಕೆ ಬಹಳ ಮುಂಚೆಯೇ ಅದು ಇತ್ತು. ಜಾತ್ರೆಗೆ ಹೋಗಿ ಬಂದವರು ಇಂಥ ಊರಿನ ಮೇಳದ ಸಾರಥಿ ಚೆನ್ನಾಗಿ ಹಾಡುತ್ತಾನೆ, ಇಂಥವರ ಭಜನೆಯನ್ನು ಕೇಳಲೇಬೇಕು ಎಂದು ಹೇಳುತ್ತಿದ್ದ ಮಾತಿನಲ್ಲಿ ಆಯ್ಕೆಯಿದೆ, ಹೋಲಿಕೆಯಿದೆ, ತೀರ್ಮಾನವಿದೆ. ಜಾನಪದ ಅಧ್ಯಯನವು ಕಲಾವಿದರನ್ನು ಕುರಿತು, ಪಠ್ಯವನ್ನು ಕುರಿತು, ಪ್ರದರ್ಶನದ ಸಂದರ್ಭವನ್ನು ಕುರಿತು ಸಾಕಷ್ಟು ಚರ್ಚಿಸಿದೆ. ಕೇಳುಗನ ಆಯ್ಕೆಯನ್ನು ಕುರಿತು ಚರ್ಚಿಸಿದ್ದು ಕಡಿಮೆ.

ಪ್ರಸ್ತುತ ಲೇಖನವು ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪರಿಸರದ ಕ್ಯಾಸೆಟ್ ಕಾಲದ ಕೇಳುಗರನ್ನು ನೆಲೆಯಾಗಿಟ್ಟುಕೊಂಡು, ಬೇರೆ ಬೇರೆ ಪ್ರಕಾರಗಳ ಐದು ಧ್ವನಿಮುದ್ರಿಕೆಗಳನ್ನು ಸಹಕೇಳುಗರ ಮುಂದಿಡುತ್ತದೆ. ಆ ಪಟ್ಟಿಯಲ್ಲಿ ಆರನೆಯದಾಗಿ ಇರಬೇಕಾಗಿದ್ದು ಏಕೆ ಇಲ್ಲ ಎಂಬುದು ಲೇಖನದ ಮುಖ್ಯ ಪ್ರಶ್ನೆ.

2

ಬಳ್ಳಾರಿ ಸೀಮೆಯದು ಎರಡು ಭಾಷೆಗಳ ಕಿವಿ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿರೇಖೆ ಕಂದಾಯದ ದಾಖಲೆಗಳನ್ನು ವಿಭಜಿಸಿತೇ ಹೊರತು ಹಾಡುಗಬ್ಬಗಳ ಸಂಚಾರವನ್ನಲ್ಲ. ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನೀ ಸಭಾ ಬಳ್ಳಾರಿಯಲ್ಲಿ ತೆಲುಗು ಪದ್ಯನಾಟಕಕ್ಕೆ ನೆಲೆಯೊದಗಿಸಿತ್ತು. ಅದೇ ನಗರದ ಬಳ್ಳಾರಿ ರಾಘವರು (1880-1946) ತೆಲುಗು, ಕನ್ನಡ ರಂಗಭೂಮಿಗಳೆರಡಕ್ಕೂ ಸೇರಿದ ನಟರು. ಜೋಳದರಾಶಿ ದೊಡ್ಡನಗೌಡರು ಇದೇ ನೆಲದಲ್ಲಿ ನಾಟಕದ ಜೊತೆಗೆ ಗಮಕವನ್ನು ಬೆಳೆಸಿದರು. 2020ರಲ್ಲಿ ನಮ್ಮನ್ನಗಲಿದ ಸುಭದ್ರಮ್ಮ ಮನ್ಸೂರ್ ಅವರ ರಂಗಗೀತೆಗಳನ್ನು ಮೆಚ್ಚಿದ ಕೇಳುಗನೇ ತೆಲುಗು ಪದ್ಯಗಳಿಗೂ ತಲೆದೂಗುತ್ತಿದ್ದ.

ಈ ಮಿಶ್ರ ಅಭಿರುಚಿಯ ಲಿಖಿತ ಸಾಕ್ಷ್ಯ ನಮಗೆ ದೊರೆಯುವುದು ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ. 1980 ಮತ್ತು 90ರ ದಶಕಗಳಲ್ಲಿ ಕೇಳುಗರು ಕ್ಯಾಸೆಟ್ ಅಂಗಡಿಗೆ ಒಂದು ಚೀಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು, ತಮಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಳ್ಳುತ್ತಿದ್ದರು. ಅದು ಕಂಪನಿಗಳ ಹಕ್ಕುಸ್ವಾಮ್ಯಕ್ಕೆ ವಿರುದ್ಧವಾದ ರೂಢಿ ಎಂಬುದು ನಿಜ. ಆದರೆ ಅಧ್ಯಯನಕಾರನಿಗೆ ಆ ಚೀಟಿ ಒಂದು ಪಠ್ಯ. ಕ್ಷೇತ್ರಕಾರ್ಯದ ಕಾಲದಲ್ಲಿ ನನ್ನ ಕೈಸೇರಿದ ಅಂಥ ಕೆಲವು ಚೀಟಿಗಳಲ್ಲಿ ದಾಸರ ಪದ, ತೆಲುಗು ನಾಟಕದ ಪದ್ಯ, ರಾಜಕುಮಾರರ ಚಿತ್ರಗೀತೆ, ಮೊಹರಮ್ಮಿನ ಪದ ಒಂದರ ಕೆಳಗೊಂದು ನಿಂತಿವೆ. ಸಿರುಗುಪ್ಪದ ಒಂದು ಚೀಟಿಯಲ್ಲಿ ಕನ್ನಡ ಹಾಡುಗಳ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆಯಲಾಗಿದೆ. ಭತ್ತದ ಗದ್ದೆಯಿಂದ ಮಿಲ್ಲಿಗೆ ಓಡಾಡುವ ಟ್ರ್ಯಾಕ್ಟರಿಗಾಗಿ ತುಂಬಿಸಿಕೊಂಡ ಸುರುಳಿ ಅದು ಎಂದು ಅದನ್ನು ಕೊಟ್ಟವರು ತಿಳಿಸಿದರು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಶಾಸ್ತ್ರೀಯ, ಸುಗಮ, ಜಾನಪದ, ಚಿತ್ರಗೀತೆ ಎಂಬ ವಿಂಗಡಣೆ ಆಕಾಶವಾಣಿಯದು, ಕಂಪನಿಗಳದು ಮತ್ತು ನಮ್ಮ ವಿದ್ಯಾಲಯಗಳದು. ಕೇಳುಗನ ವಿಂಗಡಣೆ ಹೊತ್ತು ಮತ್ತು ಕೆಲಸವನ್ನು ಆಧರಿಸಿದ್ದು. ಎರಡು, ಒಬ್ಬರ ಚೀಟಿಯನ್ನು ನೋಡಿ ಇನ್ನೊಬ್ಬರು ಬರೆಸಿಕೊಳ್ಳುತ್ತಿದ್ದುದರಿಂದ ಪಟ್ಟಿಯೂ ಪಾಠಾಂತರಗಳನ್ನು ಪಡೆಯುತ್ತಿತ್ತು. ಶಿಫಾರಸು ಎಂಬುದೇ ಒಂದು ಮೌಖಿಕ ಪರಂಪರೆಯಾಗಿತ್ತು.

3

ಈ ಹಿನ್ನೆಲೆಯಲ್ಲಿ ನನ್ನ ಪಟ್ಟಿಯನ್ನೂ ಹೊತ್ತಿನ ಕ್ರಮದಲ್ಲಿಯೇ ಕೊಡುತ್ತೇನೆ. ಇವು ಅತ್ಯುತ್ತಮವೆಂಬ ವಾದ ನನ್ನದಲ್ಲ. ಪ್ರತಿಯೊಂದೂ ತಾನು ಆಯ್ದುಕೊಂಡ ಅವಧಿಯಲ್ಲಿ ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ ಎಂಬುದನ್ನು ಸ್ಪಷ್ಟವಾಗಿ ಕಾಣಿಸುತ್ತದೆ; ಅದಕ್ಕಾಗಿ ಇವುಗಳ ಆಯ್ಕೆ.

ಬೆಳಗಿನ ಹೊತ್ತಿಗೆ ಘಂಟಸಾಲ ವೆಂಕಟೇಶ್ವರರಾವ್ (1922-1974) ಅವರ ಭಗವದ್ಗೀತೆ. ಆಯ್ದ ಶ್ಲೋಕಗಳ ಗಾಯನ, ಅದರ ಬೆನ್ನಿಗೆ ತೆಲುಗು ಗದ್ಯದ ತಾತ್ಪರ್ಯ, ಎರಡೂ ಒಂದೇ ಕಂಠದಲ್ಲಿ. ತೆಲುಗು ಲಿಪಿಯನ್ನು ಓದಲಾರದ ಬಳ್ಳಾರಿಯ ಕನ್ನಡಿಗರೂ ಇದನ್ನು ತಮ್ಮದಾಗಿಸಿಕೊಂಡುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಪದ್ಯ ಹಾಡಿ ವಚನದಲ್ಲಿ ಬಿಡಿಸುವ ಈ ವಿನ್ಯಾಸ ಹರಿಕಥೆಯದು, ಬಯಲಾಟದ್ದು, ಬುರ್ರಕಥೆಯದು. ಕಿವಿಗೆ ಪೂರ್ವಪರಿಚಿತವಾದ ಚೌಕಟ್ಟಿನಲ್ಲಿ ಹೊಸ ಮಾಧ್ಯಮ ಬಂದು ಕುಳಿತಿದೆ. ಇದರ ಮಿತಿಯೆಂದರೆ ಪ್ರಶ್ನೆ ಕೇಳುವ ದನಿಯೂ ಉತ್ತರ ಕೊಡುವ ದನಿಯೂ ಒಂದೇ ಆಗಿ, ಅರ್ಜುನನ ಸಂಶಯ ತನ್ನ ಒರಟುತನವನ್ನು ಕಳೆದುಕೊಂಡಿರುವುದು.

ಅದರ ಅನಂತರ ಭೀಮಸೇನ ಜೋಶಿಯವರ (1922-2011) ದಾಸವಾಣಿ. ಮಾನ್ವಿಯ ಜಗನ್ನಾಥದಾಸರಂಥವರು ಬಾಳಿದ ಸೀಮೆ ಸಿರುಗುಪ್ಪದಿಂದ ಹೊಳೆಯಾಚೆಗೆ ಇದೆ. ಮನೆಯ ಹೆಂಗಸರು ತಾಳ ಹಿಡಿದು ಹೇಳುವ ದೇವರನಾಮದಲ್ಲಿ ಮಾತು ಮುಂದೆ, ರಾಗ ಹಿಂದೆ. ಜೋಶಿಯವರಲ್ಲಿ ಪಲ್ಲವಿಯ ಒಂದು ಪದ ಹಲವು ಬಾರಿ ಮರಳಿ ಬಂದು, ಪ್ರತಿ ಬಾರಿಯೂ ಬೇರೊಂದು ಸ್ವರಸಮೂಹವನ್ನು ತರುತ್ತದೆ. ಹಿಂದುಸ್ತಾನಿ ಗಾಯಕಿ ಕನ್ನಡದ ಮಾತನ್ನು ನುಂಗಿಬಿಡದೆ ಹೇಗೆ ಹಿಗ್ಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಆದರೆ ಪದದ ಎಲ್ಲ ನುಡಿಗಳೂ ಬೇಕೆನ್ನುವವರು ಮನೆಯ ಅಜ್ಜಿಯರ ಬಳಿಗೇ ಹೋಗಬೇಕು.

ಮಧ್ಯಾಹ್ನಕ್ಕೆ 'ನಿತ್ಯೋತ್ಸವ'. ಕೆ. ಎಸ್. ನಿಸಾರ್ ಅಹಮದ್ (1936-2020) ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ, 1978ರಲ್ಲಿ ಬಿಡುಗಡೆಯಾದ ಈ ಸುರುಳಿಯನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಗುರುತಿಸಲಾಗಿದೆ. ಶೀರ್ಷಿಕೆ ಗೀತೆಯ ಮಲೆನಾಡಿನ ಚಿತ್ರಗಳು ಬಳ್ಳಾರಿಯ ಬಿಸಿಲಿನ ಕೇಳುಗನಿಗೆ ಕಣ್ಣಿನಿಂದ ದೂರವಾದವು. ಆದರೂ ನಾಡು ಎಂಬ ಕಲ್ಪನೆ, 1953ರ ಅನಂತರ ಕರ್ನಾಟಕದ ಒಳಗೆ ಬಂದ ಈ ಜಿಲ್ಲೆಯ ಸಾಮಾನ್ಯ ಮನೆಗಳಿಗೆ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಇಂಥ ಹಾಡುಗಳ ಮೂಲಕ ಬಂದಿತೆಂದು ನಾನು ಭಾವಿಸುತ್ತೇನೆ. ಕವಿತೆಯನ್ನು ಓದುವ ಮೊದಲೇ ಕೇಳಿದ ಒಂದು ತಲೆಮಾರನ್ನು ಇದು ಸೃಷ್ಟಿಸಿತು.

ಸಂಜೆಗೆ ಸಿ. ಅಶ್ವಥ್ (1939-2009) ಅವರ ಶಿಶುನಾಳ ಶರೀಫ ಗೀತೆಗಳು. ಈ ಸುರುಳಿಗಳೂ 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರವೂ ತತ್ವಪದವನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುರುಗೋಡು ಸುತ್ತಿನ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ತತ್ವಪದ ಕೇಳಿದವರಿಗೆ ಒಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಹಾಡು ಗುಂಪಿನ ನಡುವೆ ನಡೆಯುವ ವಿಚಾರಣೆ. ಒಬ್ಬರು ಹೇಳಿದ ಸಾಲನ್ನು ಉಳಿದವರು ಮರಳಿ ಹೇಳುತ್ತ ಅರ್ಥವನ್ನು ತಿರುವಿ ನೋಡುತ್ತಾರೆ. ಸುರುಳಿಯಲ್ಲಿ ಅದು ಒಬ್ಬ ಸಮರ್ಥ ಗಾಯಕನ ಘೋಷಣೆಯಾಗುತ್ತದೆ. ಎರಡನ್ನೂ ಕೇಳಬೇಕು, ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ರಾತ್ರಿಗೆ 'ಕಾಲ್ ಆಫ್ ದಿ ವ್ಯಾಲಿ' (1967). ಶಿವಕುಮಾರ ಶರ್ಮಾರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿ, ಬ್ರಿಜಭೂಷಣ ಕಾಬ್ರಾರ ಗಿಟಾರ್ ಸೇರಿ ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಬೆಳಗಿನ ರಾಗದಿಂದ ರಾತ್ರಿಯ ರಾಗದವರೆಗೆ ಕಟ್ಟುತ್ತವೆ. ಇದರಲ್ಲಿ ಮಾತಿಲ್ಲ. ಎರಡೇ ಮಗ್ಗುಲಿನ ತಟ್ಟೆಯಲ್ಲಿ ಆದಿ, ಮಧ್ಯ, ಅಂತ್ಯಗಳುಳ್ಳ ಕಥನವಿದೆ. ಧ್ವನಿಮುದ್ರಿಕೆ ಎಂಬುದು ಬಿಡಿ ಹಾಡುಗಳ ಗಂಟಾಗಿರದೆ ತನ್ನದೇ ಬಂಧವುಳ್ಳ ಒಂದು ಕೃತಿಯಾಗಬಲ್ಲದು ಎಂಬುದನ್ನು ತಿಳಿಯಬಯಸುವವರು ಇಲ್ಲಿಂದ ಆರಂಭಿಸಬಹುದು.

4

ಕುರಿಗಾಹಿಯ ಒಂದು ದಿನಕ್ಕೆ ಎರಡು ಮಗ್ಗುಲು ಸಾಕಾಯಿತು. ಕುಮಾರರಾಮನ ಕಥೆಗೆ ಎಷ್ಟು ಬೇಕು? ಆರನೆಯ ಸ್ಥಳದಲ್ಲಿ ಬುರ್ರಕಥೆಯನ್ನು ಬರೆಯಲು ಹೊರಟಾಗ ಎದುರಾಗುವ ಪ್ರಶ್ನೆ ಇದು.

ಧ್ವನಿಮುದ್ರಣದ ಇತಿಹಾಸವು ಒಂದು ಅರ್ಥದಲ್ಲಿ ಅವಧಿಯ ಇತಿಹಾಸ. 78 ಸುತ್ತಿನ ಸಾಮಾನ್ಯ ತಟ್ಟೆಯ ಒಂದು ಮಗ್ಗುಲಿನ ಕಾಲ ಸುಮಾರು 3 ನಿಮಿಷ. 1948ರಲ್ಲಿ ಬಂದ ಎಲ್ಪಿ ಅದನ್ನು 20 ನಿಮಿಷದ ಆಚೆಗೆ ಒಯ್ದಿತು. 1963ರಲ್ಲಿ ಬಂದ ಕ್ಯಾಸೆಟ್ಟು ಮುಂದೆ 90 ನಿಮಿಷದ ರೂಪದಲ್ಲಿ ಒಂದು ಮಗ್ಗುಲಿಗೆ 45 ನಿಮಿಷ ಕೊಟ್ಟಿತು. ರಾತ್ರಿ 9ಕ್ಕೆ ಆರಂಭವಾಗಿ ಬೆಳಗಿನ 6ಕ್ಕೆ ಮಂಗಳವಾಗುವ ಬಯಲಾಟವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದು 78 ಸುತ್ತಿನ 180 ಮಗ್ಗುಲುಗಳಾಗುತ್ತದೆ. ಕ್ಯಾಸೆಟ್ಟಿನಲ್ಲಿ 12 ಮಗ್ಗುಲುಗಳು. ನಡುವೆ 11 ಬಾರಿ ಸುರುಳಿಯನ್ನು ತಿರುವಬೇಕು ಅಥವಾ ಬದಲಿಸಬೇಕು. ಮೂರು ನಿಮಿಷದ ಹಾಡನ್ನು ಮಾರಲು ಹುಟ್ಟಿದ ಉದ್ಯಮಕ್ಕೆ ಈ ಕಲೆ ಏಕೆ ಒಗ್ಗಲಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಪೀಟರ್ ಮ್ಯಾನ್ಯುಯಲ್ 1993ರ ತಮ್ಮ 'ಕ್ಯಾಸೆಟ್ ಕಲ್ಚರ್' ಗ್ರಂಥದಲ್ಲಿ, ಕ್ಯಾಸೆಟ್ಟು ದೊಡ್ಡ ಕಂಪನಿಗಳ ಏಕಸ್ವಾಮ್ಯವನ್ನು ಮುರಿದು ಪ್ರಾದೇಶಿಕ ಸಂಗೀತಕ್ಕೆ ಅವಕಾಶ ಮಾಡಿಕೊಟ್ಟಿತೆಂದು ಉತ್ತರ ಭಾರತವನ್ನು ಆಧರಿಸಿ ವಿವರಿಸಿದ್ದಾರೆ. ಬಿಡಿ ಹಾಡಿನ ಮಟ್ಟಿಗೆ ನಮ್ಮಲ್ಲಿಯೂ ಅದು ನಿಜ. ಇಡೀ ರಾತ್ರಿಯ ಕಥನದ ಮಟ್ಟಿಗೆ ಅಲ್ಲ.

ಹಾಗಾದರೆ ವಿದ್ವಾಂಸರು ಏನು ಮಾಡಿದರು? ಮಿಲ್ಮನ್ ಪ್ಯಾರಿ 1930ರ ದಶಕದ ಯುಗೊಸ್ಲಾವಿಯದಲ್ಲಿ ಮೌಖಿಕ ಕಾವ್ಯಗಳನ್ನು ದಾಖಲಿಸುವಾಗ ಎರಡು ತಿರುಗುತಟ್ಟೆಗಳ ಯಂತ್ರ ಬಳಸಿದರು. ಒಂದು ತುಂಬುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತಿತ್ತು. ಗಾಯಕ ನಿಲ್ಲಬಾರದೆಂಬ ಗೌರವ ಅದರ ಹಿಂದಿತ್ತು. ನಮ್ಮ ತುಳುನಾಡಿನಲ್ಲಿ ಲೌರಿ ಹೊಂಕೊ ಮತ್ತು ಸಂಗಡಿಗರು 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. 1998ರಲ್ಲಿ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ.

ಬಳ್ಳಾರಿ ಜಿಲ್ಲೆಯ ಹೆಮ್ಮೆ ದರೋಜಿ ಈರಮ್ಮನವರು. ಬುಡ್ಗ ಜಂಗಮ ಸಮುದಾಯದ, ಅಕ್ಷರ ಕಲಿಯದ ಈ ತಾಯಿ ಹನ್ನೆರಡು ಕಾವ್ಯಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಸಂದಿತು. ಅವರ ಕಾವ್ಯಗಳಲ್ಲಿ ಕೆಲವು ಪುಸ್ತಕವಾಗಿ ನಮ್ಮ ಗ್ರಂಥಾಲಯಗಳಲ್ಲಿವೆ. ಅವರು 2014ರ ಆಗಸ್ಟ್ 12ರಂದು ತೀರಿಕೊಂಡರು. ಇಂದು ಒಬ್ಬ ಸಂಗೀತಪ್ರಿಯ ಗೆಳೆಯನಿಗೆ ನಾನು ಈರಮ್ಮನವರ ಪುಸ್ತಕವನ್ನು ಸೂಚಿಸಬಲ್ಲೆ. ಆದಿಯಿಂದ ಮಂಗಳದವರೆಗೆ ಕೇಳಬಹುದಾದ ಒಂದು ಕಾವ್ಯದ ಧ್ವನಿಮುದ್ರಿಕೆಯನ್ನು ಘಂಟಸಾಲರ ಗೀತೆಯಷ್ಟು ನಿರಾಳವಾಗಿ ಕೈಗೆ ಕೊಡಲಾರೆ. ಪುಸ್ತಕದಲ್ಲಿ ಮಾತಿದೆ. ಹಿಮ್ಮೇಳದವರು ದನಿಗೂಡಿಸುವ ಕ್ಷಣ, ಲಯ ಬಿರುಸಾಗುವ ಜಾಗ, ದುಃಖದ ಸಾಲಿಗೆ ಮುನ್ನ ಬರುವ ಮೌನ ಅದರಲ್ಲಿಲ್ಲ.

ಈ ಟೀಕೆಯನ್ನು ಮೊದಲು ನನಗೇ ಅನ್ವಯಿಸಿಕೊಳ್ಳುತ್ತೇನೆ. ಸಂಶೋಧನೆಯ ದಿನಗಳಲ್ಲಿ ಕುರುಗೋಡು ಸಮೀಪದ ಒಂದು ಹಳ್ಳಿಯಲ್ಲಿ ಹಿರಿಯ ಕಥೆಗಾರ್ತಿಯೊಬ್ಬರ ಕಥೆಯನ್ನು ದಾಖಲಿಸುತ್ತಿದ್ದೆ. ಮಗ್ಗುಲು ಮುಗಿದು ಯಂತ್ರ ಟಕ್ಕೆಂದು ನಿಂತಾಗ ಕೈಸನ್ನೆ ಮಾಡಿ ಅವರನ್ನು ತಡೆದೆ. 'ನಿನ್ನ ಡಬ್ಬಿ ತಿರುವೋವರೆಗೂ ಕಥಿ ನಿಂತಿರ್ತೈತೇನು, ತಮ್ಮಾ?' ಎಂದು ಕೇಳಿದರು. ಮತ್ತೆ ಆರಂಭಿಸಿದರು, ಆದರೆ ಒಂದು ಪ್ರಸಂಗ ಮುಂದಕ್ಕೆ ಹೋಗಿತ್ತು. ಪ್ರಬಂಧದಲ್ಲಿ ಆ ತೆರಪನ್ನು ಮೂರು ಚುಕ್ಕೆಗಳಿಂದ ತುಂಬಿದೆ. ಪದವಿ ಬಂದ ಮೇಲೆ ಸುರುಳಿಗಳು ಒಂದು ರಟ್ಟಿನ ಪೆಟ್ಟಿಗೆ ಸೇರಿದವು. ಬಹಳ ವರ್ಷಗಳ ಅನಂತರ ತೆಗೆದು ನೋಡಿದಾಗ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಎರಡು ಸುರುಳಿಗಳಲ್ಲಿ ಪಟ್ಟಿ ಒಂದಕ್ಕೊಂದು ಅಂಟಿಕೊಂಡಿತ್ತು. ಆ ತಾಯಿ ಈಗ ಇಲ್ಲ. ಟ್ರ್ಯಾಕ್ಟರಿನ ಮೇಲೆ ಧೂಳು ತಿಂದ ಸಿರುಗುಪ್ಪದ ಸುರುಳಿಯ ಹಾಡುಗಳು ಇಂದಿಗೂ ಎಲ್ಲೆಡೆ ದೊರೆಯುತ್ತವೆ, ಏಕೆಂದರೆ ಅವನ್ನು ಜನ ಒಬ್ಬರಿಂದೊಬ್ಬರು ಪಡೆದು ಕೇಳಿದರು. ನನ್ನ ಸುರುಳಿ ಸುರಕ್ಷಿತವಾಗಿ ಒಳಗಿದ್ದು ಹಾಳಾಯಿತು, ಏಕೆಂದರೆ ನಾನು ಅದನ್ನು ಯಾರಿಗೂ 'ಕೇಳಿ' ಎಂದು ಕೊಡಲಿಲ್ಲ.

5

ಸಂಗ್ರಹಿಸುವುದು ಮತ್ತು ಶಿಫಾರಸು ಮಾಡುವುದು ಬೇರೆ ಬೇರೆ ಕೆಲಸಗಳೆಂದು ನಾವು ನಂಬಿದ್ದೇ ತಪ್ಪು. ಮೋಸೆಸ್ ಆಶ್ 1948ರಲ್ಲಿ ಆರಂಭಿಸಿದ ಫೋಕ್‌ವೇಸ್ ಸಂಸ್ಥೆಯ ಸಂಗ್ರಹವನ್ನು 1987ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಪಡೆದುಕೊಂಡಾಗ ಒಪ್ಪಿದ ಷರತ್ತು ಒಂದಿತ್ತು: ಎರಡು ಸಾವಿರಕ್ಕೂ ಮೀರಿದ ಅದರ ಮುದ್ರಿಕೆಗಳಲ್ಲಿ ಯಾವುದೂ, ಮಾರಾಟವಾಗಲಿ ಬಿಡಲಿ, ಅಲಭ್ಯವಾಗಕೂಡದು. ಭಾರತದಲ್ಲಿಯೂ 1982ರಿಂದ ಜನಾಂಗೀಯ ಸಂಗೀತದ ಸಂಗ್ರಹ ಕೇಂದ್ರವೊಂದು ಕಾರ್ಯನಿರ್ವಹಿಸುತ್ತಿದ್ದು, ಸಂಶೋಧಕರ ಕ್ಷೇತ್ರಮುದ್ರಣಗಳನ್ನು ಇರಿಸಿಕೊಳ್ಳುತ್ತದೆ. ಸಂಗ್ರಹ ಎಂದರೆ ಬೀಗವಲ್ಲ, ಲಭ್ಯತೆ ಎಂಬ ತತ್ವ ನಮ್ಮ ಅಕಾಡೆಮಿಗಳಿಗೂ ವಿಶ್ವವಿದ್ಯಾಲಯಗಳಿಗೂ ಅನ್ವಯಿಸಬೇಕು.

ಇದಕ್ಕೆ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಮೌಖಿಕ ಕಾವ್ಯದ ಮುದ್ರಿತ ಪಠ್ಯವಿರುವಲ್ಲೆಲ್ಲ ಅದಕ್ಕೆ ಆಧಾರವಾದ ಧ್ವನಿಯನ್ನು, ಕತ್ತರಿಸದೆ, ತೆರಪುಗಳನ್ನು ಮುಚ್ಚಿಡದೆ ಜೊತೆಗೆ ಒದಗಿಸಬೇಕು. ಇಂದಿನ ಉಪಕರಣಗಳಿಗೆ ಮಗ್ಗುಲುಗಳಿಲ್ಲ. ಒಂಬತ್ತು ಗಂಟೆಯ ಆಟ ಒಂದೇ ಓಟದಲ್ಲಿ ಉಳಿಯಬಲ್ಲದು. ಎರಡು, ಪ್ರತಿಗಳು ರಾಜಧಾನಿಯಲ್ಲಿ ಮಾತ್ರವಲ್ಲದೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿಯೂ ಇರಬೇಕು. ಮೂರು, ಕಲಾವಿದರ ಇಲ್ಲವೆ ಅವರ ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಸಂಭಾವನೆಗಳೆರಡನ್ನೂ ಸಲ್ಲಿಸಬೇಕು. ಚೀಟಿಯ ಕಾಲದ ನಕಲು ಮಾಡಿದ ಅನ್ಯಾಯವನ್ನು ವಿದ್ವತ್ತಿನ ಹೆಸರಿನಲ್ಲಿ ಮುಂದುವರಿಸಲಾಗದು.

ಗೆಳೆಯರೊಬ್ಬರು ಇತ್ತೀಚೆಗೆ ಮೇಲಿನ ಐದರ ಪಟ್ಟಿಯನ್ನು ಬರೆದುಕೊಂಡು, ಆರನೆಯದು ಯಾವುದೆಂದು ಕೇಳಿದರು. ಪೆಟ್ಟಿಗೆಯಲ್ಲಿ ಉಳಿದ ಸುರುಳಿಗಳಲ್ಲಿ ಏಳನ್ನು ಶುದ್ಧಗೊಳಿಸಿ ಗಣಕಕ್ಕೆ ಏರಿಸಿದ್ದೇನೆ. ಕಥೆಗಾರ್ತಿಯ ಮನೆಯವರ ಒಪ್ಪಿಗೆಯೊಂದಿಗೆ ಅವನ್ನು, ಯಂತ್ರ ಟಕ್ಕೆಂದು ನಿಂತ ಸದ್ದಿನ ಸಮೇತ, ಅವರಿಗೆ ಕೇಳಲು ಕೊಟ್ಟೆ.